ನಾಯಿಗಳ ಹೃದ್ರೋಗದಲ್ಲಿ ಹೃದಯಸ್ನಾಯುವಿನ ಮಾರ್ಪಾಡುಗಳು

ಕವಾಟದ ದೋಷ, ಹುಟ್ಟುನ್ಯೂನತೆ, ಸೋಂಕು, ವಿಷ, ರಕ್ತಹೀನತೆ ಅಥವಾ ವಂಶವಾಹಿಯ ಕಾರಣದಿಂದ ನಾಯಿಯ ಹೃದಯಕ್ಕೆ ರೋಗ ತಗುಲಿದಾಗ ಅದರ ಮಾಂಸಲ ಗೋಡೆಯ ಗಾತ್ರ, ಆಕಾರ, ಕೋಶರಚನೆ ಮತ್ತು ಕೆಲಸದ ಶಕ್ತಿಯಲ್ಲಿ ಉಂಟಾಗುವ ಬದಲಾವಣೆಗಳನ್ನು ಒಟ್ಟಾಗಿ ಹೃದಯಸ್ನಾಯುವಿನ ಮಾರ್ಪಾಡು ಎಂದು ಕರೆಯಲಾಗುತ್ತದೆ. ಇವುಗಳಲ್ಲಿ ಬಹುಪಾಲು ಮೊದಮೊದಲು ಹೃದಯವು ಹೆಚ್ಚಿದ ಹೊರೆಯನ್ನು ನಿಭಾಯಿಸಲು ಮಾಡಿಕೊಳ್ಳುವ ಹೊಂದಾಣಿಕೆಗಳೇ ಆಗಿದ್ದು, ಅದೇ ಹೊಂದಾಣಿಕೆ ಮಿತಿಮೀರಿ ಬೆಳೆದಾಗ ಹೃದಯ ಸೋಲುವುದಕ್ಕೆ ದಾರಿಯಾಗುತ್ತದೆ. ನಾಯಿ ಎಂದಿನಂತೆ ಉಂಡು, ಓಡಾಡಿ, ಮನೆ ಕಾಯುತ್ತಿರುವಾಗಲೇ ಈ ಬದಲಾವಣೆಗಳು ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಒಳಗೊಳಗೇ ನಡೆದಿರುತ್ತವೆ. ಚಿಕಿತ್ಸೆಯಿಂದ ಹೆಚ್ಚು ಪ್ರಯೋಜನವಾಗುವುದೂ ಈ ಮೌನದ ಅವಧಿಯಲ್ಲಿಯೇ.

ತುಂಗಭದ್ರೆಯ ದಡದ ಹೊಸಪೇಟೆ, ಹಂಪಿ ಮತ್ತು ಕಂಪ್ಲಿ ಹಾಗೂ ದಕ್ಷಿಣದ ಬೆಟ್ಟಸಾಲಿನ ಸಂಡೂರು ಈ ವಿಷಯವನ್ನು ನೋಡಲು ಒಳ್ಳೆಯ ನೆಲೆಗಳಾಗಿವೆ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಹೊಸಪೇಟೆ ಕೇಂದ್ರವಾದರೆ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿವೆ. ಕುರಿಹಟ್ಟಿಯ ಕಾವಲಿನ ನಾಯಿ, ಹಂಪಿಯ ದೇವಾಲಯಗಳ ಆವರಣದಲ್ಲಿ ಮಲಗುವ ಬೀದಿನಾಯಿ, ಉತ್ತರ ಕರ್ನಾಟಕದ ಹೆಮ್ಮೆಯಾದ ಮುಧೋಳ ನಾಯಿ, ದೋಣಿಮಲೈ ಮತ್ತು ತೋರಣಗಲ್ಲಿನಂತಹ ಗಣಿ ಹಾಗೂ ಕಾರ್ಖಾನೆ ವಸತಿಗಳಲ್ಲಿ ಸಾಕುವ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪಮೇರಿಯನ್ ಮುಂತಾದವು ಇಲ್ಲಿ ಒಂದೇ ಬಿಸಿಲಿನಲ್ಲಿ ಬದುಕುತ್ತವೆ. ಆದರೆ ಅವುಗಳ ಹೃದಯಕ್ಕೆ ಬರುವ ಕುತ್ತುಗಳು ಬೇರೆ ಬೇರೆ. ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಮೈಲಾರಲಿಂಗನ ಭಕ್ತರಾದ ಗೊರವರು ನಾಯಿಯಂತೆ ಬೊಗಳಿ ದೋಣಿಯೆಂಬ ಪಾತ್ರೆಯಲ್ಲಿಟ್ಟ ಪ್ರಸಾದ ಉಣ್ಣುವ ಆಚರಣೆಯಿದೆ. ನಾಯಿಗೆ ಇಷ್ಟು ಗೌರವದ ಸ್ಥಾನ ಕೊಟ್ಟ ಸೀಮೆಯಲ್ಲಿ ಅದರ ಹೃದಯದ ಆರೋಗ್ಯಕ್ಕೆ ಇನ್ನೂ ಹೆಚ್ಚಿನ ಗಮನ ಸಲ್ಲಬೇಕಾಗಿದೆ.

ನಾಯಿಯ ಹೃದಯವು ಮನುಷ್ಯನ ಹೃದಯದಂತೆಯೇ ಎರಡು ಹೃತ್ಕರ್ಣ ಮತ್ತು ಎರಡು ಹೃತ್ಕುಕ್ಷಿಗಳಿಂದ ಕೂಡಿದೆ. ಮೇಲಿನ ಕೋಣೆಗಳಾದ ಹೃತ್ಕರ್ಣಗಳು ರಕ್ತವನ್ನು ಬರಮಾಡಿಕೊಂಡರೆ ಕೆಳಗಿನ ಹೃತ್ಕುಕ್ಷಿಗಳು ಅದನ್ನು ಹೊರದೂಡುತ್ತವೆ. ಬಲ ಹೃತ್ಕುಕ್ಷಿಯ ರಕ್ತ ಶ್ವಾಸಕೋಶಗಳಿಗೂ ಎಡ ಹೃತ್ಕುಕ್ಷಿಯ ರಕ್ತ ಮಹಾಪಧಮನಿಯ ಮೂಲಕ ಇಡೀ ದೇಹಕ್ಕೂ ಹೋಗುವುದರಿಂದ, ಹೆಚ್ಚು ಒತ್ತಡದಲ್ಲಿ ದುಡಿಯುವ ಎಡಗೋಡೆ ಬಲಗೋಡೆಯ ಸುಮಾರು ಮೂರು ಪಟ್ಟು ದಪ್ಪವಾಗಿರುತ್ತದೆ. ಸಾಮಾನ್ಯ ನಾಯಿಗಳಲ್ಲಿ ಹೃದಯದ ತೂಕ ದೇಹತೂಕದ ಶೇ. 0.7ರಿಂದ 0.8ರಷ್ಟು, ಅಂದರೆ 20 ಕಿಲೋ ತೂಗುವ ನಾಯಿಯಲ್ಲಿ ಸುಮಾರು 150 ಗ್ರಾಂ. ದೇಹದ ಅನುಪಾತದಲ್ಲಿ ಇದು ಮನುಷ್ಯನ ಹೃದಯಕ್ಕಿಂತ ದೊಡ್ಡದು. ನಿಮಿಷಕ್ಕೆ 100ರಂತೆ ಲೆಕ್ಕ ಹಿಡಿದರೆ ಈ ಹೃದಯ ಒಂದು ದಿನದಲ್ಲಿ 1,44,000 ಸಲ ಬಡಿಯುತ್ತದೆ. ಬೆಳೆದ ನಾಯಿಯ ಹೃದಯಸ್ನಾಯುವಿನ ಕೋಶಗಳು ವಿಭಜನೆಗೊಂಡು ಹೆಚ್ಚುವುದು ತೀರ ಅಪರೂಪವಾದ್ದರಿಂದ, ಹೊರೆ ಹೆಚ್ಚಿದಾಗ ಇರುವ ಕೋಶಗಳೇ ದಪ್ಪವಾಗಬೇಕು ಅಥವಾ ಉದ್ದವಾಗಬೇಕು. ಸತ್ತ ಕೋಶದ ಜಾಗವನ್ನು ಹೊಸ ಸ್ನಾಯು ತುಂಬುವುದಿಲ್ಲ, ಕುಗ್ಗಿ ಹಿಗ್ಗಲಾರದ ನಾರು ಅಂಗಾಂಶ ತುಂಬುತ್ತದೆ. ಮುಂದೆ ವಿವರಿಸಲಾಗುವ ಎಲ್ಲ ಮಾರ್ಪಾಡುಗಳಿಗೂ ಈ ಸಂಗತಿಯೇ ತಳಹದಿ.

ದೊಡ್ಡ ಹೃದಯವೆಲ್ಲ ರೋಗದ ಹೃದಯವಲ್ಲ ಎಂಬುದಕ್ಕೆ ಮುಧೋಳ ನಾಯಿಯ ಬಳಗ ಒಳ್ಳೆಯ ನಿದರ್ಶನ. ನೋಟದಿಂದ ಬೇಟೆ ಹಿಡಿದು ವೇಗವಾಗಿ ಓಡುವ ತಳಿಗಳಲ್ಲಿ ಹೆಚ್ಚು ಅಧ್ಯಯನಕ್ಕೊಳಗಾದ ಗ್ರೇಹೌಂಡ್ ನಾಯಿಯಲ್ಲಿ ಹೃದಯದ ತೂಕ ದೇಹತೂಕದ ಶೇ. 1ನ್ನು ಮೀರುತ್ತದೆ, ಎಡಗೋಡೆ ದಪ್ಪವಾಗಿರುತ್ತದೆ, ವಿಶ್ರಾಂತಿಯಲ್ಲಿ ಬಡಿತ ನಿಧಾನವಾಗಿರುತ್ತದೆ, ರೋಗವಿಲ್ಲದಿದ್ದರೂ ಬಡಿತದ ನಡುವೆ ಮರ್ಮರವೆಂಬ ಮೆಲ್ಲನೆಯ ಸದ್ದು ಕೇಳಿಸಬಹುದು. ಮುಧೋಳ ಸಂಸ್ಥಾನದ ಘೋರ್ಪಡೆ ಮನೆತನದ ಮಾಲೋಜಿರಾವ್ ಪೋಷಿಸಿ ಹೆಸರು ತಂದ ಮುಧೋಳ ನಾಯಿಯೂ ಇದೇ ಓಟದ ಗುಂಪಿಗೆ ಸೇರಿದ್ದು. 2005ರ ಜನವರಿಯಲ್ಲಿ ಭಾರತೀಯ ಅಂಚೆ ಇಲಾಖೆ ಈ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದರ ಸಂಶೋಧನಾ ಕೇಂದ್ರವಿದೆ. ವ್ಯಾಯಾಮದಿಂದ ಬೆಳೆದ ಸ್ನಾಯುವಿನಲ್ಲಿ ಕೋಶಗಳ ಜೊತೆಗೆ ಸೂಕ್ಷ್ಮ ರಕ್ತನಾಳಗಳೂ ಹೆಚ್ಚುತ್ತವೆ, ನಾರು ಅಂಗಾಂಶ ಹೆಚ್ಚುವುದಿಲ್ಲ, ಕುಗ್ಗುವ ಶಕ್ತಿ ಕುಂದುವುದಿಲ್ಲ. ಆದ್ದರಿಂದ ಪಮೇರಿಯನ್ ನಾಯಿಗೆ ಗೊತ್ತುಮಾಡಿದ ಅಳತೆಗೋಲನ್ನು ಮುಧೋಳ ನಾಯಿಯ ಎಕ್ಸ್‌ರೇಗೆ ಹಿಡಿದು ರೋಗವಿದೆಯೆಂದು ಹೇಳುವುದು ಸರಿಯಲ್ಲ. ನಮ್ಮ ತಳಿಗಳಿಗೆ ನಮ್ಮದೇ ಅಳತೆಗಳು ಬೇಕು.

ಹೃದಯಶಾಸ್ತ್ರದ ಬೆಳವಣಿಗೆಯಲ್ಲಿ ನಾಯಿಯ ಪಾಲು ಬಹಳ ದೊಡ್ಡದು. ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ರಕ್ತಪರಿಚಲನೆಯ ಗ್ರಂಥಕ್ಕೆ ಆಧಾರವಾದ ಪ್ರಾಣಿಗಳಲ್ಲಿ ನಾಯಿಯೂ ಒಂದು. ಮನುಷ್ಯನ ಹೃದಯದ ವಿದ್ಯುತ್ ಚಲನೆಯನ್ನು 1887ರಲ್ಲಿ ಮೊದಲು ದಾಖಲಿಸಿದ ಆಗಸ್ಟಸ್ ವಾಲರ್ 1909ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಿಮ್ಮಿ ಎಂಬ ತನ್ನ ಬುಲ್‌ಡಾಗ್ ನಾಯಿಯ ಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ನಿಲ್ಲಿಸಿ ಅದೇ ಪ್ರಯೋಗವನ್ನು ತೋರಿಸಿದನು. ಅರ್ನೆಸ್ಟ್ ಸ್ಟಾರ್ಲಿಂಗ್ 20ನೆಯ ಶತಮಾನದ ಎರಡನೆಯ ದಶಕದಲ್ಲಿ ನಾಯಿಯ ಹೃದಯ ಮತ್ತು ಶ್ವಾಸಕೋಶಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಸ್ನಾಯುತಂತುಗಳು ಹೆಚ್ಚು ಹಿಗ್ಗಿದಷ್ಟೂ ಒಂದು ಮಿತಿಯವರೆಗೆ ಹೆಚ್ಚು ಬಲವಾಗಿ ಕುಗ್ಗುತ್ತವೆ ಎಂಬ ನಿಯಮ ಸ್ಪಷ್ಟವಾಯಿತು. ಮನುಷ್ಯನ ಹೃದ್ರೋಗದ ಅರಿವು ನಾಯಿಗಳಿಗೆ ಇಷ್ಟು ಋಣಿಯಾಗಿದ್ದರೂ ನಾಯಿಗಳಿಗಾಗಿಯೇ ಹೃದ್ರೋಗ ಚಿಕಿತ್ಸೆ ಬೆಳೆದದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ.

ಹೃದಯದ ಮೇಲೆ ಬೀಳುವ ಹೊರೆ ಎರಡು ಬಗೆಯದು. ರಕ್ತ ಹೊರಹೋಗುವ ದಾರಿ ಕಿರಿದಾದರೆ ಅಥವಾ ರಕ್ತದೊತ್ತಡ ಏರಿದರೆ ಹೃತ್ಕುಕ್ಷಿ ಹೆಚ್ಚು ಒತ್ತಡದ ಎದುರು ದುಡಿಯಬೇಕಾಗುತ್ತದೆ. ಆಗ ಕೋಶಗಳೊಳಗಿನ ಕುಗ್ಗುವ ಎಳೆಗಳು ಪಕ್ಕಪಕ್ಕದಲ್ಲಿ ಸೇರಿಕೊಂಡು ಕೋಶ ದಪ್ಪವಾಗುತ್ತದೆ, ಗೋಡೆ ಒಳಮುಖವಾಗಿ ಬೆಳೆದು ಕೋಣೆ ಕಿರಿದಾಗುತ್ತದೆ. ಕವಾಟ ಸೋರಿ ಒಮ್ಮೆ ದೂಡಿದ ರಕ್ತವೇ ಮರಳಿ ಬರುತ್ತಿದ್ದರೆ ಹೃತ್ಕುಕ್ಷಿ ಹೆಚ್ಚು ಪ್ರಮಾಣದ ರಕ್ತವನ್ನು ಹಿಡಿದಿಡಬೇಕಾಗುತ್ತದೆ. ಆಗ ಎಳೆಗಳು ತುದಿಗೆ ತುದಿ ಸೇರಿ ಕೋಶ ಉದ್ದವಾಗುತ್ತದೆ, ಕೋಣೆ ಹಿಗ್ಗುತ್ತದೆ, ಹೃದಯ ಗುಂಡಗಾಗುತ್ತದೆ. ಗೋಡೆಯ ಮೇಲಿನ ಸೆಳೆತವು ಒಳಗಿನ ಒತ್ತಡ ಮತ್ತು ಕೋಣೆಯ ತ್ರಿಜ್ಯ ಹೆಚ್ಚಿದಂತೆ ಏರುತ್ತದೆ, ಗೋಡೆಯ ದಪ್ಪ ಹೆಚ್ಚಿದಂತೆ ಇಳಿಯುತ್ತದೆ. ಎರಡೂ ಬಗೆಯ ಬೆಳವಣಿಗೆಗಳಲ್ಲಿ ಹೃದಯ ಸಾಧಿಸಹೊರಟಿರುವುದು ಈ ಸೆಳೆತವನ್ನು ಹದದಲ್ಲಿಡುವುದನ್ನೇ. ಆದರೆ ದಪ್ಪವಾದ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗದು, ಅದು ಪೆಡಸಾಗಿ ಸರಿಯಾಗಿ ಸಡಿಲಗೊಳ್ಳದು. ಅತಿಯಾಗಿ ಹಿಗ್ಗಿದ ಸ್ನಾಯುವಿನಲ್ಲಿ ಸ್ಟಾರ್ಲಿಂಗ್ ಕಂಡ ಮಿತಿ ದಾಟಿ ಕುಗ್ಗುವ ಬಲವೇ ಕುಸಿಯುತ್ತದೆ.

ಗೋಡೆಗಳ ಈ ಬದಲಾವಣೆಯನ್ನು ದೇಹದ ರಾಸಾಯನಿಕ ಸಂಕೇತಗಳು ಇನ್ನಷ್ಟು ಬೆಳೆಸುತ್ತವೆ. ಹೃದಯ ಹೊರದೂಡುವ ರಕ್ತ ಸ್ವಲ್ಪ ಕಡಿಮೆಯಾದೊಡನೆ ಮೂತ್ರಪಿಂಡಗಳು ರೆನಿನ್ ಎಂಬ ಕಿಣ್ವವನ್ನು ಸ್ರವಿಸುತ್ತವೆ. ಅದರಿಂದ ಆಂಜಿಯೊಟೆನ್ಸಿನ್ ಮತ್ತು ಆಲ್ಡೊಸ್ಟೆರೋನ್ ಹಾರ್ಮೋನುಗಳು ಹೆಚ್ಚಿ ರಕ್ತನಾಳಗಳು ಬಿಗಿಯುತ್ತವೆ, ದೇಹ ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅನುವೇದಕ ನರಗಳು ಬಡಿತವನ್ನು ಹೆಚ್ಚಿಸುತ್ತವೆ. ಗಾಯದಿಂದ ರಕ್ತ ಸೋರಿದಾಗ ಪ್ರಾಣ ಉಳಿಸುವ ಈ ವ್ಯವಸ್ಥೆ ತಿಂಗಳುಗಟ್ಟಲೆ ನಡೆದರೆ ಸ್ನಾಯುಕೋಶಗಳನ್ನೇ ಕೊಲ್ಲುತ್ತದೆ, ನಾರು ಅಂಗಾಂಶವನ್ನು ಬೆಳೆಸುತ್ತದೆ. ಸೂಕ್ಷ್ಮದರ್ಶಕದಲ್ಲಿ ಇಂತಹ ಹೃದಯದ ತುಣುಕನ್ನು ನೋಡಿದರೆ ಕೆಲವು ಕೋಶಗಳು ಹಿಗ್ಗಿ ಅವುಗಳ ಕೇಂದ್ರಬೀಜಗಳು ದೊಡ್ಡದಾಗಿರುವುದು, ಪಕ್ಕದ ಕೆಲವು ಸೊರಗಿ ತೆಳುವಾಗಿರುವುದು, ಗೋಡೆಯೊಳಗಿನ ಸಣ್ಣ ಅಪಧಮನಿಗಳ ಪದರ ದಪ್ಪಗಾಗಿ ನಡುವಿನ ರಂಧ್ರ ಕಿರಿದಾಗಿರುವುದು, ಅಲ್ಲಲ್ಲಿ ಕಲೆಗಳಂತೆ ನಾರು ಕಟ್ಟಿರುವುದು ಕಾಣುತ್ತದೆ. ಮನುಷ್ಯರಲ್ಲಿ ದೊಡ್ಡ ಹೃದಯಧಮನಿಗಳು ಕೊಬ್ಬು ಕಟ್ಟಿ ಮುಚ್ಚುವುದರಿಂದ ಬರುವ ಹೃದಯಾಘಾತ ನಾಯಿಗಳಲ್ಲಿ ಅಪರೂಪ; ಅವುಗಳಲ್ಲಿ ಹಾನಿಯಾಗುವುದು ಹೆಚ್ಚಾಗಿ ಈ ಸಣ್ಣ ನಾಳಗಳ ಮಟ್ಟದಲ್ಲಿ.

ಲೋಕದಾದ್ಯಂತ ನಾಯಿಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಹೃದ್ರೋಗವೆಂದರೆ ಎಡಭಾಗದ ದ್ವಿದಳ ಕವಾಟದ ಸವೆತ. ವಯಸ್ಸಾದ ಸಣ್ಣ ತಳಿಗಳಲ್ಲಿ ಕವಾಟದ ದಳಗಳು ಗಂಟುಗಂಟಾಗಿ ದಪ್ಪವಾಗಿ ಸರಿಯಾಗಿ ಮುಚ್ಚಿಕೊಳ್ಳದೆ, ಪ್ರತಿ ಬಡಿತಕ್ಕೂ ರಕ್ತ ಎಡ ಹೃತ್ಕರ್ಣಕ್ಕೆ ಹಿಂದೆ ಚಿಮ್ಮುತ್ತದೆ. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಮತ್ತು ಡ್ಯಾಶ್‌ಹಂಡ್ ತಳಿಗಳಲ್ಲಿ ಇದು ವಂಶಪಾರಂಪರ್ಯ. ನಮ್ಮ ಊರುಗಳ ವಯಸ್ಸಾದ ಪಮೇರಿಯನ್ ನಾಯಿಗಳಲ್ಲಿಯೂ ಮೊದಲು ಶಂಕಿಸಬೇಕಾದುದು ಇದನ್ನೇ. ರೋಗ ಕವಾಟದ್ದಾದರೂ ನಾಯಿಯ ಆಯುಷ್ಯವನ್ನು ನಿರ್ಧರಿಸುವುದು ಸ್ನಾಯುವಿನ ಪ್ರತಿಕ್ರಿಯೆ. ಹೃತ್ಕರ್ಣ ಬಲೂನಿನಂತೆ ಹಿಗ್ಗಿ ಎಡ ಶ್ವಾಸನಾಳವನ್ನು ಮೇಲಕ್ಕೆ ಒತ್ತುತ್ತದೆ, ಹೃತ್ಕುಕ್ಷಿ ಗುಂಡಗಾಗುತ್ತದೆ. ಪ್ರಯೋಗಾಲಯದಲ್ಲಿ ಈ ಕವಾಟವನ್ನು ಸೋರುವಂತೆ ಮಾಡಿದ ನಾಯಿಗಳಲ್ಲಿ ಕೋಶಗಳ ನಡುವಿನ ಕೊಲ್ಯಾಜನ್ ಬಲೆ ಹೆಚ್ಚುವ ಬದಲು ಕರಗಿಹೋಗುವುದು ಕಂಡುಬಂದಿದೆ. ಆಧಾರ ಕಳೆದುಕೊಂಡ ಕೋಶಗಳು ಒಂದರ ಪಕ್ಕ ಒಂದು ಜಾರುವುದರಿಂದ ಗೋಡೆ ಇನ್ನೂ ಸುಲಭವಾಗಿ ಹಿಗ್ಗುತ್ತದೆ. ಸಹಜವಾಗಿ ರೋಗ ಬಂದ ನಾಯಿಗಳಲ್ಲಾದರೋ ಕವಾಟದ ದಾರಗಳು ಅಂಟಿರುವ ಸ್ನಾಯುದಿಂಡುಗಳಲ್ಲಿ ಸಣ್ಣ ಅಪಧಮನಿಗಳು ಕಿರಿದಾಗಿ ನಾರಿನ ಕಲೆಗಳು ಉಳಿದಿರುತ್ತವೆ. ಸೋರುವ ರಕ್ತ ಕಡಿಮೆ ಒತ್ತಡದ ಹೃತ್ಕರ್ಣಕ್ಕೆ ಸುಲಭವಾಗಿ ಹೋಗುವುದರಿಂದ ಶ್ರವಣಾತೀತ ಧ್ವನಿಯಿಂದ ಹೃದಯವನ್ನು ನೋಡುವ ಎಕೋ ಪರೀಕ್ಷೆಯಲ್ಲಿ ಅದು ಬಲವಾಗಿ ಕುಗ್ಗುತ್ತಿರುವಂತೆಯೇ ಕಾಣುತ್ತದೆ. ಸ್ನಾಯು ನಿಜಕ್ಕೂ ಸೋತಿರುವುದು ಬಹಳ ತಡವಾಗಿ ಬಯಲಾಗುತ್ತದೆ.

ಅಮೆರಿಕದ ಪಶುವೈದ್ಯಕೀಯ ಆಂತರಿಕ ಚಿಕಿತ್ಸಾ ತಜ್ಞರ ಸಂಸ್ಥೆ 2009ರಲ್ಲಿ ರೂಪಿಸಿ 2019ರಲ್ಲಿ ಪರಿಷ್ಕರಿಸಿದ ವರ್ಗೀಕರಣದಲ್ಲಿ ಈ ಕವಾಟರೋಗಕ್ಕೆ ನಾಲ್ಕು ಹಂತಗಳಿವೆ. ಎ ಹಂತದ ನಾಯಿಗೆ ರೋಗದ ಅಪಾಯವಷ್ಟೇ ಇರುತ್ತದೆ. ಬಿ ಹಂತದಲ್ಲಿ ಮರ್ಮರವಿದ್ದೂ ಲಕ್ಷಣಗಳಿರುವುದಿಲ್ಲ. ಸಿ ಹಂತದಲ್ಲಿ ಹೃದಯ ಸೋತ ಲಕ್ಷಣಗಳು ತೋರುತ್ತವೆ. ಡಿ ಹಂತದಲ್ಲಿ ಸಾಮಾನ್ಯ ಚಿಕಿತ್ಸೆಗೆ ರೋಗ ಮಣಿಯುವುದಿಲ್ಲ. ಬಿ ಹಂತವನ್ನು ಮತ್ತೆ ಎರಡಾಗಿ ಒಡೆದಿರುವುದು ಕೇವಲ ಹೃದಯ ಹಿಗ್ಗಿದೆಯೇ ಇಲ್ಲವೇ ಎಂಬ ಪ್ರಶ್ನೆಯ ಮೇಲೆ. ಚಿಕಿತ್ಸೆ ಆರಂಭಿಸಬೇಕೇ ಎಂಬುದನ್ನು ನಿರ್ಧರಿಸುವುದೂ ಅದೇ ಪ್ರಶ್ನೆ. 360 ನಾಯಿಗಳನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ಎಪಿಕ್ ಎಂಬ ಬಹುರಾಷ್ಟ್ರೀಯ ಅಧ್ಯಯನದಲ್ಲಿ, ಹೃದಯ ಹಿಗ್ಗಿದ್ದೂ ಲಕ್ಷಣಗಳಿಲ್ಲದ ನಾಯಿಗಳಿಗೆ ಪಿಮೊಬೆಂಡಾನ್ ಔಷಧ ಕೊಟ್ಟಾಗ ಹೃದಯಸೋಲು ಸುಮಾರು 15 ತಿಂಗಳು ಮುಂದಕ್ಕೆ ಹೋಯಿತು; ಹಿಗ್ಗಿದ ಹೃದಯದ ಗಾತ್ರವೂ ಕೆಲವೇ ವಾರಗಳಲ್ಲಿ ತಗ್ಗಿತು.

ಸ್ನಾಯುವೇ ಮೊದಲು ಕೆಡುವ ರೋಗಗಳಲ್ಲಿ ಮುಖ್ಯವಾದುದು ಹಿಗ್ಗುವ ಹೃದಯಸ್ನಾಯುರೋಗ. ಇದು ಡೋಬರ್‌ಮನ್, ಗ್ರೇಟ್ ಡೇನ್, ಐರಿಷ್ ವುಲ್ಫ್‌ಹೌಂಡ್‌ನಂತಹ ದೊಡ್ಡ ತಳಿಗಳಲ್ಲಿ ಹೆಚ್ಚು. ಭಾರತದ ಪಶುವೈದ್ಯಕೀಯ ಬೋಧನಾ ಆಸ್ಪತ್ರೆಗಳ ವರದಿಗಳಲ್ಲಿ ಲ್ಯಾಬ್ರಡಾರ್ ಕೂಡ ಕಾಣಿಸಿಕೊಳ್ಳುತ್ತದೆ. ಸತ್ತ ನಾಯಿಯ ಹೃದಯವನ್ನು ಕತ್ತರಿಸಿ ನೋಡಿದರೆ ನಾಲ್ಕೂ ಕೋಣೆಗಳು ಹಿಗ್ಗಿ, ಗೋಡೆ ತೆಳುವಾಗಿ ಮೆತ್ತಗಾಗಿ, ಒಳಗಿನ ಸ್ನಾಯುದಿಂಡುಗಳು ಚಪ್ಪಟೆಯಾಗಿ, ಮೇಜಿನ ಮೇಲಿಟ್ಟರೆ ಇಡೀ ಹೃದಯ ಆಕಾರ ನಿಲ್ಲದೆ ಕುಸಿದುಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ 6 ಮೈಕ್ರೋಮೀಟರಿಗಿಂತ ತೆಳುವಾದ, ಅಲೆಯಲೆಯಾದ ತಂತುಗಳು ಈ ರೋಗದ ಗುರುತು. ಡೋಬರ್‌ಮನ್ ಮತ್ತು ಬಾಕ್ಸರ್ ತಳಿಗಳಲ್ಲಿ ಸ್ನಾಯುವಿನ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿರುತ್ತವೆ. ಬಾಕ್ಸರ್ ನಾಯಿಯಲ್ಲಿ ಈ ಬದಲಾವಣೆ ಹೆಚ್ಚಾಗಿ ಬಲ ಹೃತ್ಕುಕ್ಷಿಯಲ್ಲಿ ಆಗಿ, ಹೃದಯ ಹಿಗ್ಗುವುದಕ್ಕಿಂತ ಮೊದಲೇ ಬಡಿತದ ಲಯ ತಪ್ಪುತ್ತದೆ. ಆಡುತ್ತಿದ್ದ ನಾಯಿ ಎಚ್ಚರ ತಪ್ಪಿ ಬೀಳಬಹುದು, ಅಲ್ಲಿಯೇ ಸಾಯಲೂಬಹುದು. ಯುರೋಪಿನ ಡೋಬರ್‌ಮನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಜೀವಿತಾವಧಿಯಲ್ಲಿ ಈ ರೋಗಕ್ಕೆ ತುತ್ತಾಗುತ್ತವೆ ಎಂದು ಅಲ್ಲಿನ ಅಧ್ಯಯನ ತಿಳಿಸಿದೆ. ಚೆಂದಕ್ಕಾಗಿ ಈ ತಳಿಯನ್ನು ತರುವವರು ತಂದೆತಾಯಿ ನಾಯಿಗಳ ಹೃದಯ ಪರೀಕ್ಷೆಯಾಗಿದೆಯೇ ಎಂದು ಕೇಳದೆ ಮರಿ ಕೊಳ್ಳಬಾರದು.

ಆಹಾರವೂ ಸ್ನಾಯುರೋಗಕ್ಕೆ ಕಾರಣವಾಗಬಲ್ಲದು. ಮಾಂಸ ಮತ್ತು ಮೀನಿನಲ್ಲಿರುವ ಟಾರಿನ್ ಎಂಬ ವಸ್ತುವನ್ನು ನಾಯಿಯ ದೇಹ ಇತರ ಅಮೈನೋ ಆಮ್ಲಗಳಿಂದ ತಾನೇ ತಯಾರಿಸಿಕೊಳ್ಳುತ್ತದಾದರೂ, ಕಾಕರ್ ಸ್ಪ್ಯಾನಿಯಲ್, ಗೋಲ್ಡನ್ ರಿಟ್ರೀವರ್‌ನಂತಹ ಕೆಲವು ತಳಿಗಳಲ್ಲಿ ಕೊರತೆಯಾಗಿ ಹೃದಯ ಹಿಗ್ಗಿದ ಪ್ರಸಂಗಗಳಿವೆ; ಟಾರಿನ್ ಕೊಟ್ಟಾಗ ಎಷ್ಟೋ ನಾಯಿಗಳ ಹೃದಯ ಚೇತರಿಸಿಕೊಂಡಿದೆ. ಬಟಾಣಿ, ಮಸೂರದಂತಹ ಕಾಳುಗಳು ಹೆಚ್ಚಾಗಿರುವ ಧಾನ್ಯರಹಿತ ಸಿದ್ಧ ಆಹಾರಕ್ಕೂ ಈ ರೋಗಕ್ಕೂ ನಂಟಿರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಎಚ್ಚರಿಸಿತು. ಬರೀ ಅನ್ನ, ಮಜ್ಜಿಗೆ, ಒಣರೊಟ್ಟಿಯ ಮೇಲೆ ಬೆಳೆಸುವ ನಾಯಿಗೆ ಮೊಟ್ಟೆಯನ್ನೋ ಮಾಂಸವನ್ನೋ ಸೇರಿಸುವುದು ಒಳ್ಳೆಯದು. ಹೃದ್ರೋಗವಿರುವ ನಾಯಿಗೆ ಉಪ್ಪು ಹೆಚ್ಚಿರುವ ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಬಜ್ಜಿಯ ಚೂರುಗಳನ್ನು ಹಾಕುವುದು ಹಾನಿಕರ.

ಹೊಸಪೇಟೆ ಸೀಮೆಯ ಬೀದಿ ಮತ್ತು ಹೊಲದ ನಾಯಿಗಳ ಮಟ್ಟಿಗೆ ಹೇಳುವುದಾದರೆ ತಳಿರೋಗಗಳಿಗಿಂತ ಉಣ್ಣೆಯಿಂದ ಬರುವ ರೋಗಗಳ ಕಾಟವೇ ಹೆಚ್ಚು ಚಿಂತೆಗೆ ಕಾರಣ. ಕಂದು ನಾಯಿಉಣ್ಣೆ ಕಲ್ಲುಗೋಡೆಯ ಸಂದುಗಳಲ್ಲಿ ಮೊಟ್ಟೆಯಿಟ್ಟು, ಬಿಸಿ ಹವೆಯಿರುವೆಡೆ ವರ್ಷವಿಡೀ ಬೆಳೆಯುತ್ತದೆ. ಅದು ಹರಡುವ ಎರ್ಲಿಕಿಯ ಮತ್ತು ಬಬೇಸಿಯ ರೋಗಾಣುಗಳು ರಕ್ತವನ್ನು ಕೆಡಿಸುತ್ತವೆ. ರಕ್ತಕಣಗಳು ಕಡಿಮೆಯಾದಾಗ ಅಷ್ಟೇ ಆಮ್ಲಜನಕ ಸಾಗಿಸಲು ಹೃದಯ ಹೆಚ್ಚು ವೇಗವಾಗಿ, ಹೆಚ್ಚು ರಕ್ತ ದೂಡಬೇಕಾಗಿ ಕೋಣೆಗಳು ಹಿಗ್ಗುತ್ತವೆ. ಜೊತೆಗೆ ರೋಗಾಣು ಮತ್ತು ಅದರ ವಿರುದ್ಧ ದೇಹ ಹೂಡುವ ಹೋರಾಟ ಎರಡೂ ಸ್ನಾಯುವಿಗೆ ನೇರವಾಗಿ ಉರಿಯೂತ ತರುತ್ತವೆ. ಹಾನಿಗೊಂಡ ಸ್ನಾಯುಕೋಶದಿಂದ ರಕ್ತಕ್ಕೆ ಸೋರುವ ಟ್ರೊಪೋನಿನ್ ಎಂಬ ಪ್ರೋಟೀನು ಎರ್ಲಿಕಿಯ ತಗುಲಿದ ನಾಯಿಗಳಲ್ಲಿ ಏರಿರುವುದನ್ನು ಅಧ್ಯಯನಗಳು ತೋರಿಸಿವೆ. ಸಮಾಧಾನದ ಸಂಗತಿಯೆಂದರೆ, ಎರ್ಲಿಕಿಯ ರೋಗಕ್ಕೆ ಡಾಕ್ಸಿಸೈಕ್ಲಿನ್‌ನಂತಹ ಸಾಮಾನ್ಯ ಔಷಧದಿಂದ ಬೇಗ ಚಿಕಿತ್ಸೆಯಾದರೆ ಈ ಬಗೆಯ ಹಿಗ್ಗುವಿಕೆ ಹಿಂದಕ್ಕೆ ಸರಿಯಬಲ್ಲದು. ದನ ಎಮ್ಮೆಗಳ ನಡುವೆ ಬದುಕುವ ನಾಯಿಗಳಿಗೆ ನೊಣಗಳಿಂದ ತಗುಲುವ ಸರ್ರಾ ರೋಗದಲ್ಲಿಯೂ ಹೃದಯಸ್ನಾಯುವಿನ ಉರಿಯೂತ ಉಂಟು. ಸೊಳ್ಳೆಯಿಂದ ಬರುವ ಹೃದಯದ ಜಂತು ಭಾರತದಲ್ಲಿ ಈಶಾನ್ಯ ರಾಜ್ಯಗಳಲ್ಲಿ ಹೆಚ್ಚು. ದಕ್ಷಿಣದಲ್ಲಿ ಹೆಚ್ಚಾಗಿ ಕಾಣುವುದು ಚರ್ಮದಡಿಯ ಅದರ ಸೋದರ ಜಾತಿ.

1978ರ ಹೊತ್ತಿಗೆ ಜಗತ್ತಿನಾದ್ಯಂತ ಒಮ್ಮೆಲೇ ಹರಡಿದ ಪಾರ್ವೊ ವೈರಸ್ ಇಂದು ರಕ್ತಭೇದಿಯ ರೋಗವೆಂದೇ ಹೆಸರಾಗಿದೆ. ಆದರೆ ಗರ್ಭದಲ್ಲಿ ಅಥವಾ ಹುಟ್ಟಿದ ಮೊದಲ ಎರಡು ವಾರಗಳಲ್ಲಿ, ಹೃದಯದ ಕೋಶಗಳು ಇನ್ನೂ ವಿಭಜಿಸುತ್ತಿರುವಾಗ ಅದು ತಗುಲಿದರೆ ಸ್ನಾಯುವನ್ನೇ ನಾಶಮಾಡಿ, ಎಂಟು ವಾರ ತುಂಬುವುದರೊಳಗೆ ದಷ್ಟಪುಷ್ಟವಾದ ಮರಿಗಳನ್ನು ಹಠಾತ್ತನೆ ಕೊಲ್ಲುತ್ತದೆ. ತಾಯಿನಾಯಿಗೆ ಲಸಿಕೆಯಾಗಿದ್ದರೆ ಅದರ ಹಾಲಿನ ಮೂಲಕ ಮರಿಗಳಿಗೆ ರಕ್ಷಣೆ ದೊರೆಯುವುದರಿಂದ ಈ ರೂಪ ಈಗ ಅಪರೂಪ.

ಈ ಸೀಮೆಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ, ಹಂಪಿಯ ಬಂಡೆಗಳ ಕಾವು ಅದಕ್ಕೂ ಹೆಚ್ಚು. ನಾಯಿ ಬೆವರುವುದಕ್ಕಿಂತ ಹೆಚ್ಚಾಗಿ ತೇಕುವ ಮೂಲಕವೇ ಮೈ ತಂಪು ಮಾಡಿಕೊಳ್ಳುತ್ತದೆ. ಅದು ಸಾಲದೆ ದೇಹದ ಉಷ್ಣತೆ 41 ಡಿಗ್ರಿ ದಾಟಿದರೆ ಹೃದಯದ ಒಳಪದರದ ಕೆಳಗೆ ರಕ್ತಸ್ರಾವವಾಗುತ್ತದೆ, ಸ್ನಾಯುಕೋಶಗಳು ಸಾಯುತ್ತವೆ, ಲಯ ತಪ್ಪುತ್ತದೆ. ಹೃದ್ರೋಗವಿರುವ ನಾಯಿಯನ್ನು ಈ ಬಿಸಿಲಿನಲ್ಲಿ ಕಟ್ಟಿಹಾಕುವುದು ಅದನ್ನು ಕೊಂದಂತೆಯೇ. ಬಿಸಿಲಿನ ಜೊತೆಗೆ ವಿಷದ ಅಪಾಯವೂ ಇದೆ: ಕೈತೋಟಗಳಲ್ಲಿ, ಗುಡಿಗಳ ಬಳಿ, ಹೆದ್ದಾರಿಗಳ ನಡುಪಟ್ಟಿಯಲ್ಲಿ ಬೆಳೆಸುವ ಕಣಗಿಲೆಯ ಪ್ರತಿಯೊಂದು ಭಾಗವೂ ಹೃದಯಕ್ಕೆ ವಿಷ. ಅದರಲ್ಲಿನ ಗ್ಲೈಕೊಸೈಡುಗಳು ಕೋಶದ ಸೋಡಿಯಂ ಹೊರದೂಡುವ ವ್ಯವಸ್ಥೆಯನ್ನು ತಡೆದು ಒಳಗೆ ಕ್ಯಾಲ್ಸಿಯಂ ಹೆಚ್ಚಿಸುತ್ತವೆ. ಇದೇ ಕ್ರಿಯೆಯನ್ನು ಅಳತೆಯಲ್ಲಿ ಬಳಸಿಕೊಂಡ ಡಿಗಾಕ್ಸಿನ್ ಹೃದಯಕ್ಕೆ ಔಷಧವಾಗಿದೆ. ಅಳತೆಯಿಲ್ಲದ ಕಣಗಿಲೆ ಎಲೆಯನ್ನು ಮರಿನಾಯಿ ಅಗಿದರೆ ವಾಂತಿ, ನಿಧಾನ ಅಥವಾ ಅಡ್ಡಾದಿಡ್ಡಿ ಬಡಿತ ಕಾಣಿಸಿ ಸ್ನಾಯುವಿನಲ್ಲಿ ಕೋಶಮರಣವಾಗುತ್ತದೆ. ಕಡ್ಡಿ ಕಚ್ಚುವ ಮರಿಗಳಿರುವ ಅಂಗಳದಲ್ಲಿ ಈ ಗಿಡ ಬೇಡ.

ಹುಟ್ಟುನ್ಯೂನತೆಗಳಲ್ಲಿ ಮಹಾಪಧಮನಿ ಅಥವಾ ಶ್ವಾಸಕೋಶದ ಅಪಧಮನಿಯ ದ್ವಾರ ಕಿರಿದಾಗಿರುವುದು ಗೋಡೆಯನ್ನು ದಪ್ಪಗೊಳಿಸುತ್ತದೆ; ಹುಟ್ಟಿದ ಬಳಿಕ ಮುಚ್ಚಬೇಕಾದ ಧಮನಿನಾಳ ತೆರೆದೇ ಉಳಿದರೆ ಕೋಣೆಗಳು ಹಿಗ್ಗುತ್ತವೆ. ಆ ನಾಳವನ್ನು ಎಳೆಯ ವಯಸ್ಸಿನಲ್ಲಿಯೇ ಮುಚ್ಚಿದರೆ ಹೃದಯ ಬಹುತೇಕ ಸಹಜ ಗಾತ್ರಕ್ಕೆ ಮರಳುತ್ತದೆ.

ಮಾರ್ಪಾಡುಗಳು ಹೊಂದಾಣಿಕೆಯ ಎಲ್ಲೆ ದಾಟಿದ ಮೇಲೆ ಲಕ್ಷಣಗಳು ಹೊರಬೀಳುತ್ತವೆ. ಎಡಭಾಗ ಸೋತರೆ ಶ್ವಾಸಕೋಶಗಳಲ್ಲಿ ನೀರು ತುಂಬಿ ಕೆಮ್ಮು, ಏದುಸಿರು, ರಾತ್ರಿ ಮಲಗಲಾರದೆ ಎದ್ದು ಕೂರುವುದು ಕಾಣುತ್ತದೆ. ಬಲಭಾಗ ಸೋತರೆ ಹೊಟ್ಟೆಯಲ್ಲಿ ನೀರು ಸೇರಿ ಜಲೋದರವಾಗುತ್ತದೆ, ಬೆನ್ನಿನ ಮೂಳೆಗಳು ಎದ್ದು ತೋರುವಷ್ಟು ಮೈ ಸೊರಗುತ್ತದೆ. ಹೊಟ್ಟೆ ಉಬ್ಬಿದ್ದನ್ನು ಜಂತುಹುಳುವೆಂದೂ, ಕೆಮ್ಮನ್ನು ಗಂಟಲಲ್ಲಿ ಎಲುಬು ಸಿಕ್ಕಿದ್ದೆಂದೂ, ಏದುಸಿರನ್ನು ಬಿಸಿಲಿನ ಝಳವೆಂದೂ ತಿಳಿದು ದಿನ ಕಳೆಯುವುದು ಈ ರೋಗದ ಚಿಕಿತ್ಸೆಗೆ ಇರುವ ದೊಡ್ಡ ಅಡ್ಡಿ.

ಪತ್ತೆಯ ಮೊದಲ ಹೆಜ್ಜೆಗೆ ದೊಡ್ಡ ಯಂತ್ರಗಳು ಬೇಕಿಲ್ಲ. ನಾಯಿಯನ್ನು ನಿಲ್ಲಿಸಿ ಎಡ ಮೊಣಕೈಯ ಹಿಂದೆ, ಐದನೆಯ ಪಕ್ಕೆಲುಬಿನ ಸಂದಿನಲ್ಲಿ ಸ್ಟೆತೊಸ್ಕೋಪ್ ಇಟ್ಟರೆ ದ್ವಿದಳ ಕವಾಟದ ಸೋರಿಕೆಯ ಮರ್ಮರ ತಾಲ್ಲೂಕು ಪಶು ಆಸ್ಪತ್ರೆಯಲ್ಲಿಯೇ ಕೇಳುತ್ತದೆ. ಎದೆಯ ಎಕ್ಸ್‌ರೇಯಲ್ಲಿ ಹೃದಯದ ಉದ್ದಗಲಗಳನ್ನು ಬೆನ್ನುಮೂಳೆಯ ಮಣಿಗಳ ಲೆಕ್ಕದಲ್ಲಿ ಅಳೆಯುವ ಕ್ರಮವನ್ನು ಬುಕಾನನ್ ಮತ್ತು ಬ್ಯೂಚೆಲರ್ 1995ರಲ್ಲಿ ರೂಪಿಸಿದರು. ಹೆಚ್ಚಿನ ತಳಿಗಳಲ್ಲಿ 8.5ರಿಂದ 10.5 ಮಣಿಗಳ ನಡುವಿನ ಅಳತೆ ಸಹಜ. ಗೋಡೆಯ ದಪ್ಪ, ಕೋಣೆಯ ಅಗಲ, ಕುಗ್ಗುವ ಬಲಗಳನ್ನು ಕಣ್ಣಾರೆ ತೋರಿಸುವುದು ಎಕೋ ಪರೀಕ್ಷೆ. ಲಯದೋಷಕ್ಕೆ ಇಸಿಜಿ, ಡೋಬರ್‌ಮನ್ ಮತ್ತು ಬಾಕ್ಸರ್‌ಗಳಿಗೆ 24 ಗಂಟೆಯ ಇಸಿಜಿ ಬೇಕಾಗುತ್ತದೆ. ತಜ್ಞರ ಪರೀಕ್ಷೆ ಬೇಕಾದವರು 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯವರೆಗೆ ಹೋಗಬೇಕಾದರೆ ಹೊಸಪೇಟೆಯಿಂದ ಅದು 300 ಕಿಲೋಮೀಟರಿಗೂ ಮೀರಿದ ಹಾದಿ. ಏದುಸಿರಿನ ನಾಯಿ ಆ ಪ್ರಯಾಣವನ್ನು ತಾಳುವುದು ಕಷ್ಟ. ಜಿಲ್ಲಾ ಕೇಂದ್ರಗಳಲ್ಲಿಯೇ ನಾಯಿಗಳಿಗೆ ಎಕೋ ಸೌಲಭ್ಯ ದೊರೆಯುವಂತಾಗುವುದು ಅಗತ್ಯ.

ಚಿಕಿತ್ಸೆಯಲ್ಲಿ ಶ್ವಾಸಕೋಶದ ನೀರನ್ನು ಇಳಿಸಲು ಫ್ಯೂರೋಸಿಮೈಡ್, ಕುಗ್ಗುವ ಬಲ ಹೆಚ್ಚಿಸಿ ರಕ್ತನಾಳಗಳನ್ನು ಸಡಿಲಿಸಲು ಪಿಮೊಬೆಂಡಾನ್, ಆಂಜಿಯೊಟೆನ್ಸಿನ್ ತಯಾರಿಯನ್ನು ತಡೆಯಲು ಎನಲಾಪ್ರಿಲ್ ಅಥವಾ ಬೆನಜೆಪ್ರಿಲ್, ಆಲ್ಡೊಸ್ಟೆರೋನನ್ನು ತಡೆಯಲು ಸ್ಪೈರೊನೊಲ್ಯಾಕ್ಟೋನ್ ಬಳಕೆಯಲ್ಲಿವೆ. ಕೊನೆಯ ಎರಡು ಬಗೆಯವು ಸ್ನಾಯುವನ್ನು ಕೆಡಿಸುವ ಸಂಕೇತಗಳನ್ನೇ ತಗ್ಗಿಸುತ್ತವೆ. ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಕೊಡುವುದು ಸಲ್ಲದು. ರಕ್ತಹೀನತೆ, ಸೋಂಕು, ಟಾರಿನ್ ಕೊರತೆಗಳಿಂದಾದ ಹಿಗ್ಗುವಿಕೆ ಹಿಂದಿರುಗಬಲ್ಲದು. ನಾರು ಕಟ್ಟಿದ ಸ್ನಾಯು ಮರಳಿ ಸ್ನಾಯುವಾಗದು.

ಮನೆಯವರೇ ಮಾಡಬಹುದಾದ, ಖರ್ಚಿಲ್ಲದ ಒಂದು ಪರೀಕ್ಷೆಯೂ ಇದೆ. ನಾಯಿ ತಂಪಾದ ಜಾಗದಲ್ಲಿ ಗಾಢ ನಿದ್ರೆಯಲ್ಲಿರುವಾಗ ಅದರ ಎದೆ ಒಂದು ನಿಮಿಷದಲ್ಲಿ ಎಷ್ಟು ಸಲ ಏರಿ ಇಳಿಯುತ್ತದೆ ಎಂದು ಎಣಿಸಿ ಬರೆದಿಡಬೇಕು. ಆ ಎಣಿಕೆ 30ನ್ನು ದಾಟಿ ಅಲ್ಲಿಯೇ ನಿಂತರೆ, ಕೆಮ್ಮು ಶುರುವಾಗುವವರೆಗೆ ಕಾಯದೆ, ಅಂದೇ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು.